ಎರಡನೇ ಕೊಳವೆಗೆ ಮುಂಚೆ

ಪ್ರೀತಿಯ ಅಪ್ಪನಿಗೆ ಮಗಳ ನಮಸ್ಕಾರಗಳು.

ನಿನ್ನ ವಾರ್ಡಿನಿಂದ ಎರಡೇ ಮಹಡಿ ಕೆಳಗೆ, ಆಪರೇಷನ್ ಥಿಯೇಟರಿನ ನರ್ಸುಗಳ ಕೋಣೆಯಲ್ಲಿ ಕುಳಿತು ಬರೆಯುತ್ತಿದ್ದೇನೆ. ಎದುರಿಗೆ ನಿಂತು ಹೇಳಲು ಬಾಯಿ ಬರಲಿಲ್ಲ. ಬೆಳಿಗ್ಗೆ ನೀನು ಡಾಕ್ಟರಿಗೆ ಒಪ್ಪಿಗೆಯ ಫಾರಂ ವಾಪಸ್ ಕೊಟ್ಟು, "ಒಂದು ಕೊಳವೆ ಕೆಡಿಸಿದ್ದು ಸಾಕು, ಇನ್ನೊಂದು ಬೇಡ" ಎಂದು ಗೋಡೆಯ ಕಡೆ ತಿರುಗಿ ಮಲಗಿದೆಯಲ್ಲ, ಆಗಿನಿಂದ ಯಾವ ಕೆಲಸಕ್ಕೂ ಕೈ ಓಡುತ್ತಿಲ್ಲ.

ಮೊದಲ ಸಲ ನೀನು ಹೀಗಿರಲಿಲ್ಲ. ಹೊಟ್ಟೆಯೊಳಗಿನ ದೊಡ್ಡ ರಕ್ತನಾಳ ಬಲೂನಿನಂತೆ ಊದಿದೆ, ಒಡೆದರೆ ಜೀವಕ್ಕೇ ಅಪಾಯ, ಅದರ ಬದಲು ತೊಡೆಸಂದಿಯವರೆಗೆ ನೇಯ್ದ ಕೊಳವೆ ಹೊಲಿಯುತ್ತೇವೆ ಎಂದರು ಡಾಕ್ಟರು. ನಲವತ್ತು ವರ್ಷ ಕತ್ತರಿ ಹಿಡಿದ ಟೈಲರ್ ನೀನು, ಮಾದರಿಯನ್ನು ಹೆಬ್ಬೆರಳಲ್ಲಿ ಉಜ್ಜಿ ನೋಡಿ, "ಪಾಲಿಯೆಸ್ಟರಾ? ಒಳ್ಳೇ ಕಾಟನ್ ಸಿಗಲಿಲ್ವಾ ನಿಮಗೆ?" ಎಂದು ಕೇಳಿದ್ದೆ. ಡಾಕ್ಟರು ನಕ್ಕು ನಕ್ಕು ಸುಸ್ತಾಗಿದ್ದರು.

ಮನೆಗೆ ಬಂದ ಮೇಲೆ ನೀನು ಮಾಡಿದ ಘನಕಾರ್ಯ ಬಳಗಕ್ಕೆಲ್ಲ ಗೊತ್ತು. ತೊಡೆಸಂದಿಯ ಬ್ಯಾಂಡೇಜ್ ಬಿಚ್ಚಿ, ಕನ್ನಡಕ ಏರಿಸಿಕೊಂಡು, ಹೊಲಿಗೆ ನೇರವಾಗಿದೆಯೇ ಎಂದು ಬೆರಳಾಡಿಸಿದೆ. ಬೇರೆ ಯಾವ ರೋಗಿ ಹೀಗೆ ಮಾಡುತ್ತಾನೆ, ಹೇಳು? ವಾರದೊಳಗೆ ಜ್ವರ ಬಂತು, ಸೋಂಕು ಒಳಗಿನ ಕೊಳವೆಗೂ ಇಳಿಯಿತು. ಅದನ್ನು ತೆಗೆದು ಬೇರೆ ಹಾಕದಿದ್ದರೆ ಉಳಿಗಾಲವಿಲ್ಲ ಎಂದರು ಡಾಕ್ಟರು. ಅಮ್ಮ ಬೈದಳು, ಚಿಕ್ಕಪ್ಪ ಬೈದ. ಎಲ್ಲರಿಗಿಂತ ಜೋರಾಗಿ ಬೈದವಳು ನಾನು.

ಅಪ್ಪಾ, ನೀನು ಮುಟ್ಟುವ ಎರಡು ದಿನ ಮೊದಲೇ, ಬ್ಯಾಂಡೇಜ್ ಬದಲಾಯಿಸುವಾಗ ನಾನು ಅಲ್ಲಿ ಹಳದಿ ಕಲೆ ನೋಡಿದ್ದೆ. ದಿನಾ ಇಂಥದ್ದನ್ನೇ ನೋಡುವವಳು. ತಾನಾಗಿ ಒಣಗುತ್ತದೆ ಎಂದುಕೊಂಡು ಆಸ್ಪತ್ರೆಗೆ ತಿಳಿಸದೆ ಸುಮ್ಮನಾದೆ. ನೀನು ಸಿಕ್ಕಿಬಿದ್ದಾಗ, ಹೇಳಲು ನಾಚಿಕೆಯಾಗುತ್ತದೆ, ನನಗೆ ಒಳಗೊಳಗೇ ಸಮಾಧಾನವಾಯಿತು. ಇವತ್ತು ಡಾಕ್ಟರಿಗೆ ಎಲ್ಲ ಹೇಳಿಬಿಟ್ಟೆ. ಸೋಂಕು ಆಗಲೇ ಶುರುವಾಗಿತ್ತು, ನಿಮ್ಮ ತಂದೆಯ ಬೆರಳನ್ನು ದೂರಬೇಡಿ ಎಂದರು.

ಹೊಸ ಕೊಳವೆಯ ವಿಷಯ ಕೇಳು. ಒಳಗೆ ಹಾಕುವ ಮೊದಲು ಅದನ್ನು ರೋಗಾಣು ಕೊಲ್ಲುವ ಔಷಧಿಯಲ್ಲಿ ನೆನೆಸುತ್ತೇವೆ. ಬಿಳಿ ಬಟ್ಟೆ ನೋಡನೋಡುತ್ತ ಕೇಸರಿಯಾಗುತ್ತದೆ. ನೀನಾದರೆ, ಬಣ್ಣ ಬಿಡುವ ಮಾಲು ಎಂದು ಮೂಗು ಮುರಿಯುತ್ತೀಯ. ಬಿಡಲೆಂದೇ ನೆನೆಸುವುದು, ಔಷಧಿ ಮೆಲ್ಲಗೆ ಬಿಡುತ್ತ ರೋಗಾಣು ಅಂಟದಂತೆ ತಡೆಯುತ್ತದೆ. ಮೇಲೆ ನಿನ್ನ ಹೊಟ್ಟೆಯದೇ ಕೊಬ್ಬಿನ ಪದರ ಸುತ್ತುತ್ತಾರೆ. ಗ್ಯಾರಂಟಿ ಕೊಡಲಾರೆ ಎಂದರು ಡಾಕ್ಟರು. ಆದರೆ ಇಂಥದ್ದು ಹಾಕಿಸಿಕೊಂಡು ನಡೆದೇ ಮನೆಗೆ ಹೊರಟವರನ್ನು ನಾನು ಬಾಗಿಲವರೆಗೆ ಬಿಟ್ಟು ಬಂದಿದ್ದೇನೆ. ಸ್ವಂತದವರ ಆಪರೇಷನ್ನಿಗೆ ನಾವು ನಿಲ್ಲುವಂತಿಲ್ಲ. ನನಗೆ ಕೆಲಸ ಕಲಿಸಿದ ಹಿರಿಯ ಸಿಸ್ಟರ್ ನಿನ್ನ ಕೊಳವೆ ನೆನೆಸುತ್ತಾರೆ.

ನಾಳೆ ಬೆಳಿಗ್ಗೆ ಫಾರಂ ಹಿಡಿದು ನಾನೇ ಬರುತ್ತೇನೆ. ಮನಸ್ಸು ತೃಪ್ತಿಯಾಗುವಷ್ಟು ಬೈ, ಆಮೇಲೆ ಸಹಿ ಹಾಕು. ಬೇಡವೆನ್ನುವುದು ನಿನ್ನಿಷ್ಟ. ಆದರೆ ನಿನ್ನದಲ್ಲದ ತಪ್ಪಿಗೆ ಸಾಯಬೇಡ ಅಪ್ಪಾ.

ದೊಡ್ಡವರನ್ನು ಹರಸುವ ವಯಸ್ಸು ನನ್ನದಲ್ಲ. ಆದರೂ ಹರಸುತ್ತೇನೆ: ನೂರು ಕಾಲ ಬಾಳು.

ಬೈಸಿಕೊಳ್ಳಲು ಕಾದಿರುವ,
ನಿನ್ನ ಮಗಳು