ನಮ್ಮ ಕಂಚಿನ ನಡುಕವನ್ನು ಉಜ್ಜಿ ತೆಗೆದವರಿಗೆ

ಜಿಲ್ಲಾ ಸಂಸ್ಕೃತಿ ಕಚೇರಿಯ ದೊಡ್ಡ ಕುರ್ಚಿಯಲ್ಲಿ ಕೂತಿರುವ ಮಾನ್ಯರೇ,

ನಮ್ಮ ತೆಗಲ್ ಕುನಿಂಗ್ ಊರಿನ ಗಾಮೆಲಾನ್ ಅನ್ನುವ ಕಂಚಿನ ವಾದ್ಯಗಳ ಮೇಳವನ್ನು ನೀವು ಹಾಳು ಮಾಡಿದ್ದೀರಿ. ರಿಪೇರಿ ಮಾಡಿದ್ದೇವೆ ಅನ್ನುತ್ತೀರಿ. ಈ ವಿಚಾರವಾಗಿ ನಿಮಗೆ ಮೂರು ಕಾಗದ ಬರೆದೆ. ಮೂರಕ್ಕೂ ‘ಪರಿಶೀಲನೆಯಲ್ಲಿದೆ’ ಎಂಬ ಒಂದೇ ಉತ್ತರ. ಹಾಗಾಗಿ ನಾಲ್ಕನೆಯದನ್ನು ಊರೆಲ್ಲ ಓದಲಿ ಎಂದು ಪತ್ರಿಕೆಗೆ ಕೊಡುತ್ತಿದ್ದೇನೆ. ನಾನು ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವನು. ಬರವಣಿಗೆಯಲ್ಲಿ ತಪ್ಪಿದ್ದರೆ ತಿದ್ದಿಕೊಳ್ಳಿ, ತಿದ್ದುವುದರಲ್ಲಿ ನೀವು ಗಟ್ಟಿಗರು.

ಐವತ್ತು ವರ್ಷದ ಹಿಂದೆ ನಮ್ಮ ಹತ್ತಿರ ಇದ್ದದ್ದು ಮುರುಕಲು ಲಾರಿಯ ಕಬ್ಬಿಣದ ಪಟ್ಟಿಗಳು. ಅವನ್ನೇ ಬಿದಿರಿನ ಮೇಲಿಟ್ಟು ಬಡಿಯುತ್ತಿದ್ದೆವು, ಪಕ್ಕದೂರಿನವರು ನಗುತ್ತಿದ್ದರು. ಆ ನಗು ತಡೆಯಲಾರದೆ ಹನ್ನೊಂದು ಜನ ಸೇರಿ ಎರಡು ಸುಗ್ಗಿ ಬೇರೆಯವರ ಭತ್ತ ಕೊಯ್ದೆವು. ಕೂಲಿ ಎಲ್ಲ ಕಂಚಿಗೆ ಹೋಯಿತು. ಪಂಡೆ ಸುಡಂಗ್ ಎಂಬ ಕಂಚುಗಾರ ಬಂದು, ಊರ ಮಂಟಪದಲ್ಲೇ ಏಳು ವಾರ ಇದ್ದು, ಪಟ್ಟಿಗಳನ್ನು ಉಜ್ಜಿ ಉಜ್ಜಿ ಸ್ವರ ಕೂಡಿಸಿದ. ಪ್ರತಿ ವಾದ್ಯವನ್ನೂ ಜೋಡಿಯಾಗಿ ಮಾಡಿದ. ನಾನು ಒಂದನ್ನು ಬಡಿದು ನೋಡಿದೆ, ಅದರ ಜೋಡಿಯನ್ನೂ ಬಡಿದೆ. ಜಾಣನ ಹಾಗೆ ಹೇಳಿದೆ:

“ಪಂಡೆಯಣ್ಣಾ, ಎರಡೂ ಒಂದೇ ಥರ ಇಲ್ವಲ್ಲ. ಇದು ಚೂರು ತಗ್ಗು.”

ಆತ ಕೈಯಲ್ಲಿದ್ದ ಅರದ ಹಿಡಿಯಿಂದ ನನ್ನ ತಲೆಗೆ ಕುಟ್ಟಿದ. “ಒಂದೇ ಥರ ಇರೋದಾದ್ರೆ ಎರಡು ಯಾಕೋ ಮಾಡ್ಬೇಕಿತ್ತು, ಕತ್ತೆ? ಈಗ ಎರಡನ್ನೂ ಒಟ್ಟಿಗೆ ಬಡಿ.”

ಬಡಿದೆ. ಸ್ವರ ನಡುಗಿತು. ಒಂದರ ಮೈ ಇನ್ನೊಂದಕ್ಕೆ ಉಜ್ಜಿದಂತೆ ಗಾಳಿಯೆಲ್ಲ ಅಲೆಅಲೆಯಾಯಿತು. ಆ ಅಲೆ ಎಷ್ಟು ಚುರುಕಾಗಿರಬೇಕು ಅನ್ನುವುದು ಊರಿಂದೂರಿಗೆ ಬೇರೆ. ನಮ್ಮ ಗದ್ದೆಯಲ್ಲಿ ಹಕ್ಕಿ ಓಡಿಸಲು ನೆಟ್ಟಿದ್ದ ಬಿದಿರಿನ ಗಿರಿಗಿಟ್ಲೆಯ ಸದ್ದು ಕೇಳಿ, ಅಷ್ಟೇ ವೇಗಕ್ಕೆ ಪಂಡೆ ನಮ್ಮದನ್ನು ಇಟ್ಟ. ಎಲ್ಲೂ ಬರೆದಿಡಲಿಲ್ಲ. ಹನ್ನೊಂದು ಜನ ಮೂವತ್ತಾದೆವು. ಆಮೇಲೆ ಹೆಂಗಸರೂ ತಮ್ಮದೇ ತಂಡ ಕಟ್ಟಿ ಅದೇ ವಾದ್ಯಗಳ ಮೇಲೆ ನಮಗಿಂತ ಚೆನ್ನಾಗಿ ಬಾರಿಸಿದರು. ಅಂದಿನಿಂದ ಈ ಊರಿನ ಒಂದು ಮದುವೆಯಾಗಲಿ ಒಂದು ಹೆಣವಾಗಲಿ ಆ ನಡುಕ ಕೇಳದೆ ಹೋಗಿಲ್ಲ.

ಹೋದ ವರ್ಷ ನೀವು ಕಳಿಸಿದ ತಂತ್ರಜ್ಞ ಬಂದ. ಒಳ್ಳೆಯ ಹುಡುಗ, ಚಪ್ಪಲಿ ಹೊರಗೇ ಬಿಟ್ಟು ಬಂದ. ಒಂದು ಯಂತ್ರ ಹಿಡಿದು ಎಲ್ಲವನ್ನೂ ಅಳೆದ. “ಅಜ್ಜಾ, ಅರ್ಧಕ್ಕರ್ಧ ಪಟ್ಟಿಗಳ ಸ್ವರ ಇಳಿದುಬಿಟ್ಟಿದೆ, ಪಾಪ ಹಳೇವು. ಪುಕ್ಕಟೆ ಸರಿ ಮಾಡಿಸ್ಕೊಡ್ತೀವಿ” ಅಂದ. ಹಗ್ಗ ಸಡಿಲಾಗಿ, ಮರಕ್ಕೆ ಹುಳ ಹಿಡಿದು ಸ್ವರ ಇಳಿದಿದೆ, ಅದನ್ನು ಸರಿ ಮಾಡಿಸುತ್ತಾನೆ ಅಂದುಕೊಂಡೆ. ಕೇಳಬೇಕಿತ್ತು. ಕೇಳಲಿಲ್ಲ. ನನ್ನ ವಾದ್ಯವನ್ನು ನಾನೇ ಹೊತ್ತು ನಿಮ್ಮ ಲಾರಿಗೆ ಏರಿಸಿದೆ. ಅದನ್ನು ನೆನೆದರೆ ಈಗಲೂ ಅನ್ನ ಸೇರುವುದಿಲ್ಲ.

ತಗ್ಗಿದ್ದವನ್ನೆಲ್ಲ ಉಜ್ಜಿ ಏರಿಸಿ, ಜೋಡಿಗಳನ್ನು ಒಂದೇ ಮಾಡಿ ಕಳಿಸಿದಿರಿ. ಜೊತೆಗೊಂದು ಪ್ರಮಾಣಪತ್ರ: ನೂರಕ್ಕೆ ನೂರು ಸರಿ.

ನನ್ನ ವಾದ್ಯದ ಜೋಡಿಯನ್ನು ಬಾರಿಸುವವನು ಕೆತುತ್ ಗೆಜೆರ್. ಒಂದು ಹುಂಜದ ಜಗಳಕ್ಕೆ ನಾವಿಬ್ಬರೂ ಮಾತು ಬಿಟ್ಟು ಒಂಬತ್ತು ವರ್ಷ. (ಹುಂಜ ನನ್ನದೇ.) ಮಾತಿಲ್ಲದಿದ್ದರೂ ಮೇಳದಲ್ಲಿ ಎದುರುಬದುರು ಕೂತು ಬಾರಿಸುತ್ತಿದ್ದೆವು. ಅವನ ಸ್ವರ ನನ್ನದಕ್ಕೆ ತಾಗಿ ನಡುಗಿದಾಗ, ಆಸಾಮಿ ಇನ್ನೂ ಇದ್ದಾನೆ ಎಂದು ಗೊತ್ತಾಗುತ್ತಿತ್ತು. ವಾದ್ಯಗಳು ವಾಪಸ್ ಬಂದ ದಿನ ಬಾರಿಸಿದೆವು. ತಟ್ಟೆಗೆ ಚಮಚ ಬಡಿದ ಹಾಗೆ ಒಂದು ಸದ್ದು ಬಂತು, ಸತ್ತಿತು. ಮತ್ತೆ ಬಾರಿಸಿದೆವು. ಗೆಜೆರ್ ಸುತ್ತಿಗೆ ಕೆಳಗಿಟ್ಟ.

“ನ್ಯೋಮನ್, ಬಾರಿಸ್ತಾ ಇದ್ದೀಯೇನೋ?”

“ಬಾರಿಸ್ತಿದ್ದೀನಲ್ಲೋ, ಕಣ್ಣು ಕಾಣ್ಸಲ್ವಾ?”

“ಕಾಣ್ಸುತ್ತೆ ಕಣೋ. ನೀನು ಕೇಳಿಸ್ತಾನೇ ಇಲ್ಲ.”

ಒಂಬತ್ತು ವರ್ಷದ ಮೇಲೆ ಅವನಾಡಿದ ಮೊದಲ ಮಾತು ಅದು. ಈಗ ದಿನಾ ಮಾತಾಡುತ್ತೇವೆ, ನಿಮ್ಮನ್ನು ಬೈಯಲಿಕ್ಕೆ. ಇದನ್ನು ಇಲಾಖೆಯ ಸಾಧನೆ ಎಂದು ವರದಿಯಲ್ಲಿ ಸೇರಿಸಿಕೊಳ್ಳಬೇಡಿ.

ಪಂಡೆಗೀಗ ಎಂಬತ್ತಾರು. ಕೈ ನಡುಗುತ್ತದೆ, ಕಿವಿ ಚುರುಕಾಗಿದೆ. ನಾವಿಬ್ಬರೂ ಹೋಗಿ ಕೇಳಿದೆವು. “ಇನ್ನೊಂದು ಸಲ ಉಜ್ಜೋಕೆ ಆ ಕಂಚಲ್ಲಿ ಮೈ ಇದೆ, ಅದರ ಮೇಲಿನ ಸಲಕ್ಕಿಲ್ಲ. ಬೇರೆಯವನ ಕೈಗೆ ಕೊಡ್ಬೇಡಿ. ನನ್ನನ್ನ ಹೊತ್ಕೊಂಡ್ ಹೋಗಿ, ಬರ್ತೀನಿ” ಅಂದ. ಆದರೆ ನಿಮ್ಮ ಆದೇಶವೊಂದಿದೆ. ಈ ವಾದ್ಯಗಳು ಈಗ ನೋಂದಾಯಿತ ಪರಂಪರೆಯಂತೆ, ಅನುಮತಿಯಿಲ್ಲದೆ ಅರ ಮುಟ್ಟಿಸಿದರೆ ಅಪರಾಧವಂತೆ. ನೀವು ಅರ ಮುಟ್ಟಿಸಿದಾಗ ಅದು ಏನಾಗಿತ್ತು, ಸ್ವಾಮೀ? ಆ ನಡುಕ ಉಳಿದಿರುವುದು ಒಬ್ಬ ಮುದುಕನ ಕಿವಿಯೊಳಗೆ ಮಾತ್ರ. ನಿಮ್ಮ ಪರಿಶೀಲನೆ ಮುಗಿಯುವ ತನಕ ಆ ಕಿವಿ ಮಣ್ಣಾಗದೆ ಇರುತ್ತದೆಂದು ಬರೆದುಕೊಡುತ್ತೀರಾ?

ನಮ್ಮ ಗುಡಿಯ ಹಬ್ಬಕ್ಕೆ ಇನ್ನು ಹತ್ತೊಂಬತ್ತು ದಿನ. ಆ ಆದೇಶವನ್ನು ತೆಗೆಯಿರಿ. ನಿಮ್ಮ ಲಾರಿ ಮುಂದಿನ ಊರಿಗೆ ಹೋಗುವುದನ್ನು ನಿಲ್ಲಿಸಿ. ತೆಗೆಯದಿದ್ದರೂ ಬರುವ ಬುಧವಾರ ಬೆಳಿಗ್ಗೆ ನಾನೂ ಗೆಜೆರನೂ ಪಂಡೆಯನ್ನು ಕುರ್ಚಿ ಸಮೇತ ಹೊತ್ತು ತಂದು ಮಂಟಪದಲ್ಲಿ ಕೂರಿಸುತ್ತೇವೆ, ಅವನು ಉಜ್ಜುತ್ತಾನೆ. ಪೊಲೀಸರನ್ನು ಕಳಿಸುವುದಾದರೆ ಧಾರಾಳವಾಗಿ ಕಳಿಸಿ. ಮೊದಲನೇ ಜೋಡಿ ಮುಗಿಯುವವರೆಗೆ ಅವರು ನಮ್ಮಿಬ್ಬರ ನಡುವೆ ಸುಮ್ಮನೆ ಕೂತು ಕೇಳಲಿ, ಆಮೇಲೆ ಹಿಡಿದುಕೊಂಡು ಹೋಗಲಿ.

ಇಂತಿ,
ನಿಮ್ಮ ಕೃಪೆಯಿಂದ ಯಾರಿಗೂ ಕೇಳಿಸದಂತಾದ,
ತಗ್ಗು ಸ್ವರದ ನ್ಯೋಮನ್ ರಂತುನ್

(ಪಕ್ಕದಲ್ಲಿ ಕೂತು “ಇನ್ನೂ ಖಾರವಾಗಿ ಬರಿಯೋ” ಎನ್ನುತ್ತಿರುವವನು ಕೆತುತ್ ಗೆಜೆರ್. ಅವನಿಗೆ ಸಹಿ ಹಾಕಲು ಬರುವುದಿಲ್ಲ, ಹೆಬ್ಬೆಟ್ಟು ಒತ್ತಿದ್ದಾನೆ.)