ಇನ್ನು ಮುಂದೆ ಗಳಿಸುವುದೆಲ್ಲ

ರಿಯೊ ಪಿರಾಸಿಕಾಬ, ಮಿನಾಸ್
26 ಆಗಸ್ಟ್ 2024, ಸೋಮವಾರ

ಸೋಲಾಂಜೆ, ಮೊನ್ನೆ ಶನಿವಾರ ನಾನು ಮದುವೆಯಾದೆ.

ಪ್ರೀತಿಯ ಮಗಳೇ, ಮೊದಲು ಕುಶಲ ಕೇಳಿ ಆಮೇಲೆ ಸುದ್ದಿ ಹೇಳಬೇಕು ಎನ್ನುವುದು ನನಗೂ ಗೊತ್ತು. ಆದರೆ ನಾನು ಓದಿದ್ದು ಅಮೆರಿಕದ ಪಾದ್ರಿಗಳ ಶಾಲೆಯಲ್ಲಿ. ಮುಖ್ಯವಾದದ್ದನ್ನು ಮೊದಲ ಸಾಲಿನಲ್ಲೇ ಬರೆಯಿರಿ, ಓದುವವರು ಎರಡನೆಯ ಸಾಲಿಗೆ ಬರುತ್ತಾರೆಂಬ ನಂಬಿಕೆ ಏನು ಎಂದು ಅಲ್ಲಿನ ಮೇಡಂ ಹೇಳುತ್ತಿದ್ದರು. ಇಂಗ್ಲಿಷಿನ ಜೊತೆಗೆ ಅವರು ಕಲಿಸಿದ ಈ ಬುದ್ಧಿ ಎಪ್ಪತ್ತಮೂರನೆಯ ವಯಸ್ಸಿನಲ್ಲಿ ಉಪಯೋಗಕ್ಕೆ ಬಂತು. ಜೂನ್ ತಿಂಗಳಿಂದ ನೀನು ನನ್ನ ಫೋನ್ ಎತ್ತುತ್ತಿಲ್ಲ. ಕಳಿಸಿದ ಮೆಸೇಜುಗಳನ್ನು ತೆರೆದೇ ಇಲ್ಲ. ಆದರೆ ಅಂಟಿಸಿದ ಲಕೋಟೆ ಕೈಗೆ ಬಂದರೆ ಒಡೆಯದೆ ಇರಲು ನಿನ್ನಿಂದ ಆಗುವುದಿಲ್ಲ, ಚಿಕ್ಕಂದಿನಿಂದ ನೋಡಿದ್ದೇನೆ. ಅದಕ್ಕೇ ಅಂಚೆಯನ್ನು ನಂಬಿದ್ದೇನೆ.

ಈಗ ಕುಶಲ. ನಿನ್ನ ಬಲಭುಜದ ನೋವು ಹೇಗಿದೆ? ಕಾರ್ಖಾನೆಯಲ್ಲಿ ಜೀನ್ಸ್ ಬಟ್ಟೆ ಕತ್ತರಿಸುವ ಮೇಜು ನಿನ್ನ ಎತ್ತರಕ್ಕೆ ತಗ್ಗಾಯಿತು ಎಂದಿದ್ದೆ, ಅದನ್ನು ಎತ್ತರಿಸಿಕೊಟ್ಟರೋ ಇಲ್ಲವೋ? ನನ್ನ ಮೊಮ್ಮಗ ಕಾಯೊ ಮತ್ತೆ ಫುಟ್ಬಾಲಿನಲ್ಲಿ ಕಾಲು ಉಳುಕಿಸಿಕೊಂಡಿಲ್ಲ ತಾನೇ. ಕೊಲಾಟಿನದ ಸೆಕೆಯಲ್ಲಿ ನೀವಿಬ್ಬರೂ ನೀರು ಕುಡಿಯುವುದೇ ಇಲ್ಲ, ಬರೀ ಕಾಫಿ. ನಾನು ಚೆನ್ನಾಗಿದ್ದೇನೆ. ಚೆನ್ನಾಗಿದ್ದೇನೆ ಎನ್ನುವುದು ಕಡಿಮೆಯಾಯಿತು. ಬೆಳಿಗ್ಗೆ ಎದ್ದು ಹಲ್ಲುಜ್ಜುವಾಗ ಕನ್ನಡಿಯಲ್ಲಿ ನನ್ನನ್ನು ನೋಡಿ ನಗು ಬರುತ್ತದೆ. ನಗುವುದನ್ನು ಕೇಳಿ ಜುವೆನಾಲ್ ಆಚೆಯಿಂದ, "ಏನ್ ಟೀಚರಮ್ಮ, ಒಳಗೆ ಯಾರಿದಾರೆ?" ಅನ್ನುತ್ತಾರೆ. ಗಂಡನಾದ ಮೇಲೂ ಅವರು ನನ್ನನ್ನು ಟೀಚರಮ್ಮ ಎಂದೇ ಕರೆಯುವುದು. ಅಕಾರ್ಡಿಯನ್ ರಿಪೇರಿ ಮಾಡುವ ಈ ಮನುಷ್ಯ, ಇಂಗ್ಲಿಷಿನಲ್ಲಿದ್ದ ಒಂದು ರಿಪೇರಿ ಪುಸ್ತಕ ಹಿಡಿದುಕೊಂಡು ನನ್ನ ಜಗುಲಿಗೆ ಪಾಠಕ್ಕೆ ಬಂದದ್ದು ನಿನಗೆ ಗೊತ್ತು. ಎರಡು ವರ್ಷವಾಯಿತು, ಇಂಗ್ಲಿಷ್ ಮೂರನೆಯ ಪಾಠದಲ್ಲೇ ನಿಂತಿದೆ.

ಮೇ ತಿಂಗಳಲ್ಲಿ ಫೋನಿನಲ್ಲಿ ನೀನು ಹೇಳಿದ ಮಾತು ಹಾಗೇ ನೆನಪಿದೆ. "ಮಾಡ್ಕೋ ಅಮ್ಮ, ಮದುವೆ ಬೇಡ ಅಂತ ನಾನ್ಯಾಕೆ ಹೇಳ್ಲಿ. ಎಪ್ಪತ್ತು ದಾಟಿದೋರು ಮದುವೆ ಆದ್ರೆ ಅವರವರ ಆಸ್ತಿ ಅವರವರಿಗೆ ಅಂತ ಕಾನೂನೇ ಇದೆ. ನೀನು ಏನೂ ಮಾಡ್ಬೇಡ, ಸುಮ್ನೆ ಸೈನ್ ಹಾಕು. ಆದ್ರೆ ನೋಟರಿ ಹತ್ರ ಹೋಗಿ ಕರಾರುಗಿರಾರು ಅಂತ ಮಾಡಿ ಅದನ್ನ ಬದಲಾಯಿಸಿದ್ಯೋ, ಆ ಮನುಷ್ಯನ್ನ ಕರ್ಕೊಂಡು ನನ್ನ ಹೊಸ್ತಿಲಿಗೆ ಬರ್ಬೇಡ." ಅಂಥ ಕರಾರು ಮಾಡಿಕೊಳ್ಳಬಹುದು ಎನ್ನುವುದೇ ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಮುದುಕರು ಬೇಕಾದರೆ ಮದುವೆಗೆ ಮುಂಚೆ ನೋಟರಿಯ ಮುಂದೆ ಕರಾರು ಬರೆಸಿ ಈ ನಿಯಮದಿಂದ ಹೊರಗುಳಿಯಬಹುದು ಎಂದು ದೊಡ್ಡ ಕೋರ್ಟು ಹೇಳಿದ್ದು ಈ ವರ್ಷವೇ ಅಂತೆ. ಕೇಳಿ ನೋಡುತ್ತೇನೆ ಎಂದು ಜೂನಿನಲ್ಲಿ ಹೇಳಿದ್ದಕ್ಕೇ ನೀನು ಫೋನ್ ಎತ್ತುವುದು ಬಿಟ್ಟದ್ದು. ನನಗೆ ದಾರಿ ತೋರಿಸಿದವಳು ನೀನೇ.

ಜುಲೈನಲ್ಲಿ ನಾವಿಬ್ಬರೂ ನೋಟರಿ ಕಚೇರಿಗೆ ಹೋದೆವು. ಸುಮ್ಮನೆ ಕೇಳಿಕೊಂಡು ಬರೋಣ ಎಂದೇ ಹೋದದ್ದು. ಅಲ್ಲಿ ಟಾಲಿಟಾ ಎನ್ನುವ ಹುಡುಗಿ ಇದ್ದಾಳೆ, ಕರಾರುಗಳನ್ನು ಬರೆಯುವವಳು. ಅವಳ ಅಕ್ಕ ನನ್ನ ಬಳಿ ಇಂಗ್ಲಿಷ್ ಕಲಿತವಳು. ನಮ್ಮನ್ನು ನೋಡಿದ ಕೂಡಲೇ ಮೊಮ್ಮಗಳಿಗೋ ಮೊಮ್ಮಗನಿಗೋ ಎಂದು ಕೇಳಿದಳು. ನಮಗೇ ಎಂದಾಗ ಪಾಪ, ಕಿವಿಯವರೆಗೂ ಕೆಂಪಾದಳು. ಜುವೆನಾಲ್ ಕುರ್ಚಿ ಎಳೆದುಕೊಂಡು ಕೂತು ವಿಷಯಕ್ಕೆ ಬಂದರು. ನಮ್ಮ ಹಿತ್ತಲಿನಲ್ಲಿ ಒಂದು ಇಟ್ಟಿಗೆ ಒಲೆ ಕಟ್ಟಿ, ನಾನು ಜೋಳದ ಕೇಕೂ ಬಿಸ್ಕತ್ತೂ ಬೇಯಿಸಿ, ಶನಿವಾರದ ಸಂತೆಯಲ್ಲಿ ಇಬ್ಬರೂ ಮಾರುವುದೆಂದು ಮಾತಾಗಿತ್ತು. ಇಟ್ಟಿಗೆ ಅವರದು, ಕಟ್ಟುವುದು ಅವರು. "ಈ ಟೀಚರಮ್ಮ ನನಗಿಂತ ಮುಂಚೆ ಹೋದ್ರೆ ಒಲೆ ಯಾರದ್ದಮ್ಮ?" ಎಂದರು. ಟಾಲಿಟಾ, ಈಗಿನ ನಿಯಮದ ಪ್ರಕಾರ ನೆಲ ಯಾರದೋ ಒಲೆಯೂ ಅವರದೇ, ಅಂದರೆ ಅಜ್ಜಿಯ ಮಗಳದು ಎಂದಳು. "ಅವಳಿಗೆ ಬೇಯಿಸೋಕೆ ಬರುತ್ತಾ?" ಎಂದು ಇವರು ನನ್ನ ಕಡೆ ತಿರುಗಿದರು. ಇಲ್ಲ ಎಂದೆ. ಕ್ಷಮಿಸು, ಸುಳ್ಳು ಹೇಳಲು ಆಗಲಿಲ್ಲ.

ಟಾಲಿಟಾ ಎಲ್ಲವನ್ನೂ ನಿಧಾನವಾಗಿ ಬಿಡಿಸಿ ಹೇಳಿದಳು. ಹಿಂದೆ ಇದ್ದದ್ದು ಅವರವರದೇ ಆಗಿರಲಿ, ಮದುವೆಯ ದಿನದಿಂದ ಮುಂದೆ ಗಳಿಸುವುದೆಲ್ಲ ಇಬ್ಬರದೂ ಎಂದು ಬರೆಸಬಹುದು. "ಆದ್ರೆ ಅಜ್ಜಿ, ಬೇಜಾರು ಮಾಡ್ಕೋಬೇಡಿ, ಇನ್ನು ಮುಂದೆ ನೀವಿಬ್ಬರೂ ಗಳಿಸೋದು ಏನಿರುತ್ತೆ? ಇಷ್ಟಕ್ಕೆ ಯಾಕೆ ಖರ್ಚು?" ಎಂದಳು. ಅವಳು ಕೆಟ್ಟ ಮನಸ್ಸಿನಿಂದ ಕೇಳಿದ್ದಲ್ಲ. ಜುವೆನಾಲ್ ಬೆರಳು ಮಡಚುತ್ತಾ ಎಣಿಸತೊಡಗಿದರು. ಒಲೆ, ಸಂತೆಗೊಂದು ಮೇಜು, ಮೇಲೊಂದು ಟಾರ್ಪಾಲು, ದೊಡ್ಡದೊಂದು ಹಾಸಿಗೆ. ಹಾಸಿಗೆ ಎಂದಾಗ ಪಕ್ಕದ ಮೇಜಿನವನು ಟೈಪು ಮಾಡುವುದನ್ನು ನಿಲ್ಲಿಸಿದ. ನಾನು ಅವರ ಕಾಲು ತುಳಿದೆ.

ಮನೆಗೆ ಬಂದು ನಿನ್ನ ಅಪ್ಪನ ಬಗ್ಗೆ ಯೋಚಿಸಿದೆ. ವಾಲ್ದೀರನನ್ನು ನಾನು ಮದುವೆಯಾದಾಗ ಕಾನೂನು ಬೇರೆ ಇತ್ತು. ಇಬ್ಬರದೂ ಸೇರಿ ಎಲ್ಲ ಒಂದು, ಅರ್ಧ ಅವನದು, ಅರ್ಧ ನನ್ನದು. ನನಗೆ ಯಾರೂ ಅದನ್ನು ಹೇಳಲಿಲ್ಲ, ಕೇಳಲೂ ಇಲ್ಲ. ಅಡುಗೆಮನೆಗೆ ಹಳದಿ ಬಣ್ಣ ಬಳಿಸಲಾ ಎಂದು ಅವನ ಒಪ್ಪಿಗೆ ಕಾದವಳು ನಾನು. ಅವನು ತೀರಿಕೊಂಡ ಮೇಲೆ ಕಾಗದಪತ್ರ ಮಾಡಿಸುವಾಗಲೇ, ಆ ಅಡುಗೆಮನೆಯ ಅರ್ಧ ಮದುವೆಯ ದಿನದಿಂದಲೂ ನನ್ನದೇ ಆಗಿತ್ತು ಎಂದು ತಿಳಿದದ್ದು. ಅವನ ಅರ್ಧ ನಿನಗೆ ಬಂತು, ನನ್ನದು ನನಗೆ ಉಳಿಯಿತು. ಹೀಗೆ ಮೊದಲ ಸಲ ನನ್ನನ್ನು ಕೇಳದೆ ಕೂಡಿಸಿದರು. ಈ ಸಲ ನನ್ನನ್ನು ಕೇಳದೆ ಬೇರೆ ಮಾಡುತ್ತಿದ್ದರು. ಅರವತ್ತೊಂಬತ್ತರವರೆಗೆ ಇರುವ ಬುದ್ಧಿ ಎಪ್ಪತ್ತರ ಹುಟ್ಟುಹಬ್ಬದ ದಿನ ಎಲ್ಲಿಗೆ ಹೋಗುತ್ತದೆಂದು ನನಗೆ ತಿಳಿಯಲಿಲ್ಲ. ಜುವೆನಾಲರ ಮೇಲಿನ ಪ್ರೀತಿಗಷ್ಟೇ ಕರಾರು ಮಾಡಿಸಿದೆ ಎಂದು ತಿಳಿಯಬೇಡ. ಒಂದು ಸಲವಾದರೂ ನನ್ನ ಬಾಯಿಂದಲೇ ಹೇಳಬೇಕೆನಿಸಿತು.

ಕರಾರು ಬರೆಸಲು ನಮ್ಮಿಬ್ಬರ ತಲೆ ಸರಿಯಾಗಿದೆ ಎಂಬ ಡಾಕ್ಟರ ಪತ್ರ ಬೇಕಿತ್ತು. ಆಸ್ತಿ ಬೇರೆ ಇರಲಿ ಎನ್ನುವ ಮುದುಕರಿಗೆ ಅದು ಬೇಡ, ಹಂಚಿಕೊಳ್ಳುತ್ತೇವೆ ಎನ್ನುವವರಿಗೆ ಮಾತ್ರ. ಆರೋಗ್ಯ ಕೇಂದ್ರದ ಡಾಕ್ಟರು ನನ್ನಿಂದ ಗಡಿಯಾರದ ಚಿತ್ರ ಬರೆಸಿದರು, ನೂರರಿಂದ ಹಿಂದಕ್ಕೆ ಎಣಿಸಲು ಹೇಳಿದರು. ನಾನು ಇಂಗ್ಲಿಷಿನಲ್ಲೂ ಎಣಿಸಿ ತೋರಿಸಿದೆ, ಅದಕ್ಕೆ ಅಂಕ ಇಲ್ಲವೆಂದರು. ಜುವೆನಾಲರಿಗೆ ಇವತ್ತು ಯಾವ ತಾರೀಖು ಎಂದು ಕೇಳಿದರೆ, "ನಲವತ್ತರಲ್ಲೂ ನಂಗೆ ಗೊತ್ತಿರ್ತಿರ್ಲಿಲ್ಲ ಡಾಕ್ಟ್ರೆ" ಎಂದರು. ಡಾಕ್ಟರು ನನ್ನ ಕಡೆ ಕೈ ತೋರಿಸಿ, ಇವರು ನಿಮಗೆ ಯಾರು ಎಂದರು. "ಅದನ್ನ ತಿಳ್ಕೊಳ್ಳೋಕೇ ಮದುವೆ ಆಗ್ತಿರೋದು." ಡಾಕ್ಟರು ಇಬ್ಬರಿಗೂ ಬರೆದುಕೊಟ್ಟರು.

ಕರಾರನ್ನು ಸಹಿಗೆ ಮುಂಚೆ ಗಟ್ಟಿಯಾಗಿ ಓದಿ ಹೇಳಬೇಕೆಂಬ ನಿಯಮವಿದೆ. ಟಾಲಿಟಾ ಎದ್ದುನಿಂತು, ಚರ್ಚಿನಲ್ಲಿ ಓದುವವರ ಹಾಗೆ ಓದಿದಳು. ನಮ್ಮ ಪೂರ್ತಿ ಹೆಸರು, ಅಪ್ಪ ಅಮ್ಮಂದಿರ ಹೆಸರು. ನನ್ನ ಅಮ್ಮನ ಹೆಸರನ್ನು ಬೇರೆಯವರ ಬಾಯಲ್ಲಿ ಕೇಳಿ ಎಷ್ಟು ಕಾಲವಾಗಿತ್ತೋ. ಸಾವಿನಿಂದಾಗಲಿ ವಿಚ್ಛೇದನದಿಂದಾಗಲಿ ಮದುವೆ ಮುಗಿದರೆ ಎಂಬಲ್ಲಿಗೆ ಬಂದಾಗ ಜುವೆನಾಲ್ ಕೈ ಎತ್ತಿದರು. "ವಿಚ್ಛೇದನ ಅನ್ನೋದನ್ನ ತೆಗೀರಮ್ಮ. ಎಪ್ಪತ್ತಾರಕ್ಕೆ ಇವಳು ಬಿಟ್ರೆ ನಂಗೆ ಇನ್ಯಾರು ಸಿಗ್ತಾರೆ?" ತೆಗೆಯಲು ಬರುವುದಿಲ್ಲ ಎಂದಳು. ಸಹಿ ಹಾಕಿದೆವು.

ಜುವೆನಾಲರ ಮಗಳು ಮಾರ್ಲೂಸಿಯ ಬಗ್ಗೆ ನಿನಗೆ ಹೇಳಲೇಬೇಕು. ಬೇಕರಿಯಲ್ಲಿ ನಾನು ಹಿಂದೆ ನಿಂತಿರುವುದು ಗೊತ್ತಿಲ್ಲದೆ ಅಂಗಡಿಯವಳ ಹತ್ತಿರ ಹೇಳುತ್ತಿದ್ದಳು, "ಇಂಗ್ಲಿಷ್ ಮೇಡಮ್ಮಿಗೆ ಅಪ್ಪನ ಪಿಂಚಣಿ ಮೇಲೆ ಕಣ್ಣು. ಇಲ್ದಿದ್ರೆ ಬಾಯಲ್ಲಿ ನಾಲ್ಕು ಹಲ್ಲಿಲ್ಲದೋರನ್ನ ಯಾರು ಕಟ್ಕೊಳ್ತಾರೆ?" ನಿನ್ನ ಧ್ವನಿಯೇ ಕೇಳಿದ ಹಾಗಾಯಿತು. ನೀನು ಅವರ ಬಗ್ಗೆ ಹೇಳಿದ್ದನ್ನೇ ಅವಳು ನನ್ನ ಬಗ್ಗೆ ಹೇಳುತ್ತಿದ್ದಳು, ಮನೆಯ ಬದಲು ಪಿಂಚಣಿ, ಅಷ್ಟೇ. ನೀವಿಬ್ಬರೂ ಒಂದು ದಿನ ಕೂತು ಮಾತಾಡಿದರೆ ಬಹಳ ಹೊಂದಿಕೆಯಾಗುತ್ತದೆ ಎನಿಸಿತು. ನಾನು ಅವಳ ಹಿಂದಿನಿಂದಲೇ ಬ್ರೆಡ್ ಕೇಳಿದೆ. ಅವಳು ಚಿಲ್ಲರೆಯನ್ನೂ ತೆಗೆದುಕೊಳ್ಳದೆ ಹೋದಳು. ಆದರೂ ಶನಿವಾರ ನೋಂದಣಿ ಕಚೇರಿಗೆ ಬಂದಿದ್ದಳು. ಕೊನೆಯ ಸಾಲಿನಲ್ಲಿ ಕೈಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಅಳಲಿಲ್ಲ, ನಗಲಿಲ್ಲ, ಕೇಕ್ ಎರಡು ತುಂಡು ತಿಂದಳು. ನನ್ನ ಕಡೆಯಿಂದ ಪಾಠದ ಮಕ್ಕಳ ತಾಯಂದಿರು ಬಂದಿದ್ದರು. ಮುಂದಿನ ಸಾಲಿನಲ್ಲಿ ಒಂದು ಕುರ್ಚಿ ಖಾಲಿ ಇತ್ತು. ಅದರ ಮೇಲೆ ಯಾರೋ ಕೊಡೆ ಇಟ್ಟರು. ನಾನು ನೀಲಿ ಬಟ್ಟೆ ತೊಟ್ಟಿದ್ದೆ. ಆಮೇಲೆ ಜುವೆನಾಲ್ ಅಕಾರ್ಡಿಯನ್ ನುಡಿಸಿದರು, ನಾನು ಚಪ್ಪಲಿ ಬಿಟ್ಟು ಕುಣಿದೆ. ಇವತ್ತೂ ಮೀನಖಂಡ ಹಿಡಿದುಕೊಂಡಿದೆ.

ಮನೆಯ ವಿಷಯವನ್ನು ಮುಚ್ಚಿಡುವುದಿಲ್ಲ. ನಿನ್ನ ಭಯ ಪೂರ್ತಿ ಸುಳ್ಳಲ್ಲ. ನಿನ್ನ ಅರ್ಧಕ್ಕೆ ಏನೂ ಆಗುವುದಿಲ್ಲ. ಆದರೆ ಈ ಕರಾರಿನಿಂದಾಗಿ ಗಂಡನೂ ವಾರಸುದಾರನಾಗುತ್ತಾನೆ, ನಾನು ಮೊದಲು ಹೋದರೆ ನನ್ನ ಅರ್ಧದಲ್ಲಿ ನಿನ್ನ ಜೊತೆಗೆ ಜುವೆನಾಲರಿಗೂ ಒಂದು ಪಾಲು ಬರುತ್ತದೆ. ಅದನ್ನು ಬೇಡವೆಂದು ಈಗಲೇ ಬರೆಸಬಹುದೇ ಎಂದು ಅವರೇ ಕೇಳಿದರು. ಬದುಕಿರುವವರ ಆಸ್ತಿಯ ಬಗ್ಗೆ ಹಾಗೆಲ್ಲ ಕರಾರು ಮಾಡುವಂತಿಲ್ಲ ಎಂದಳು ಟಾಲಿಟಾ. ಅವಳೇ ಇನ್ನೊಂದು ದಾರಿ ಹೇಳಿದಳು, "ಮದುವೆಗೆ ಮುಂಚೆನೇ ನಿಮ್ಮರ್ಧನೂ ಮಗಳ ಹೆಸರಿಗೆ ಬರೆದುಕೊಡಿ ಅಜ್ಜಿ, ಇರೋವರೆಗೂ ನೀವೇ ಇರಬಹುದು ಅಂತ ಸೇರಿಸೋಣ. ಎಲ್ಲರೂ ಹಾಗೇ ಮಾಡ್ತಾರೆ, ಮನೇಲಿ ಜಗಳ ಇರಲ್ಲ." ಒಂದು ವಾರ ಯೋಚಿಸಿದೆ. ನಿನ್ನ ಮುಖ ಕಣ್ಣ ಮುಂದೆ ಬರುತ್ತಿತ್ತು. ಆಮೇಲೆ ಬೇಡವೆಂದೆ. ಅರ್ಧ ನನ್ನದೆಂದು ತಿಳಿದು ಬಾಳಿದ್ದು ಸ್ವಲ್ಪ ಕಾಲ. ಅದನ್ನು ಕೊಟ್ಟು ನಿನ್ನನ್ನು ಮದುವೆಗೆ ಕರೆಸಿಕೊಂಡಿದ್ದರೆ, ನೀನು ಬಂದದ್ದು ಯಾವುದಕ್ಕೆ ಎಂದು ನಾನು ಸಾಯುವವರೆಗೂ ಲೆಕ್ಕ ಹಾಕುತ್ತಿರಬೇಕಿತ್ತು. ನಿನಗೆ ಕೋಪ ಬರುವುದಾದರೆ ಬರಲಿ. ಕೋಪವಿದ್ದರೂ ಊಟ ಬಿಡಬೇಡ.

ಕಾಯೊನ ಹಣೆಗೆ ಒಂದು ಮುತ್ತು, ನಿನ್ನ ನೋಯುವ ಭುಜಕ್ಕೆ ಇನ್ನೊಂದು. ಇಬ್ಬರನ್ನೂ ದೇವರು ನೆರಳಲ್ಲಿಟ್ಟಿರಲಿ. ಜುವೆನಾಲ್ ನಮಸ್ಕಾರ ತಿಳಿಸಿ ಎಂದರು, ತಿಳಿಸಿದ್ದೇನೆ.

ನಿನ್ನ ಅಮ್ಮ,
ಓಡೆಟೆ

ಅಂಟಿಸುವ ಮುಂಚೆ ಇನ್ನೆರಡು ಮಾತು. ಹೊಸ್ತಿಲಿಗೆ ಬರಬೇಡ ಎಂದಿದ್ದೀಯ, ಬರುವುದಿಲ್ಲ. ಸ್ಟೇಷನ್ನಿಗೆ ಅಂತೂ ಹೊಸ್ತಿಲು ಇಲ್ಲ. ಜುವೆನಾಲ್ ಇದುವರೆಗೆ ಸಮುದ್ರ ನೋಡಿಲ್ಲ, ಅದಕ್ಕೆ ಕೊನೆಯ ಸ್ಟೇಷನ್ನಿನವರೆಗೂ ಟಿಕೆಟ್ ತೆಗೆದಿದ್ದೇವೆ. ಕೊಲಾಟಿನದಲ್ಲಿ ರೈಲು ತುಸು ಹೊತ್ತು ನಿಲ್ಲುತ್ತದೆ. ನಾನು ಬಾಗಿಲಲ್ಲಿ ನಿಂತಿರುತ್ತೇನೆ, ಚೀಲ ಅವರ ಕೈಯಲ್ಲಿರುತ್ತದೆ. ಪ್ಲಾಟ್‌ಫಾರ್ಮಿನಲ್ಲಿ ನೀನು ಕಂಡರೆ ಇಬ್ಬರೂ ಇಳಿಯುತ್ತೇವೆ, ಸಮುದ್ರ ಇನ್ನೊಮ್ಮೆ ನೋಡಿದರಾಯಿತು. ಕಾಣದಿದ್ದರೆ ಮುಂದೆ ಹೋಗುತ್ತೇವೆ, ನಾನು ಏನೂ ಅಂದುಕೊಳ್ಳುವುದಿಲ್ಲ ಎಂದು ಬರೆಯಲು ಹೊರಟಿದ್ದೆ, ಅದು ನಿಜವಲ್ಲ. ಸೆಪ್ಟೆಂಬರ್ ಏಳು, ಶನಿವಾರ, ಬೆಲೊ ಹೊರಿಜೊಂಟೆಯಿಂದ ವಿಟೋರಿಯಾಕ್ಕೆ ಹೋಗುವ ಹಗಲು ರೈಲು. ನಿಮ್ಮ ಊರಿಗೆ ಸಂಜೆಗೆ ಬರುತ್ತದೆ.