ಅವ್ವನ ಪಾಲಿನ ಕೋಳಿಪಾದ

ಕಿರುಗಾವಲಿನ ಅಡುಗೆಮನೆಯಲ್ಲಿ ನಿಂತೇ ಇರುವ ನನ್ನ ಅವ್ವನಿಗೆ,

ಹಾಂಕಾಂಗಿಗೆ ಬರುವುದಿಲ್ಲ ಎಂದು ನೀನು ಹೇಳಿ ಕಳಿಸಿದ್ದನ್ನು ನಾನು ಒಪ್ಪಿಲ್ಲ. ಅಲ್ಲಿ ಗಣಿತದ ಮೇಷ್ಟ್ರಾಗಿರುವ ನನ್ನ ಗೆಳತಿ ಆಶ್ರಿತಾ ಕರೆದಿರುವುದು ನಮ್ಮಿಬ್ಬರನ್ನೂ. "ಅವ್ಳು ಒಂಟೋದ್ರೆ ಇಲ್ಲಿ ಇಟ್ಟು ಯಾರು ಬೇಯ್ಸಾರು?" ಎಂದದ್ದು ಅಪ್ಪ. ಅದು ನಿನ್ನ ಉತ್ತರವಲ್ಲ.

ಮದ್ದೂರಿನಲ್ಲಿ ಅಕ್ಕನ ಬೀಗರೂಟ ನೆನಪಿದೆಯಾ? ಗಂಡಸರೆಲ್ಲ ಎದ್ದ ಮೇಲೆ ಕೊನೆಯ ಪಂಕ್ತಿಯಲ್ಲಿ ನಾವು ಕೂತಿದ್ದೆವು. ಇನ್ನೆರಡು ತುಂಡು ಹಾಕಿ ಎಂದು ನಾನು ಬಾಯಿಬಿಟ್ಟು ಕೇಳಿದೆ. ನೀನು ತೊಡೆ ಚಿವುಟಿದೆ. ಬಡಿಸುತ್ತಿದ್ದ ಸಿದ್ದರಾಜು ಮಾವ ಪಂಕ್ತಿಗೆಲ್ಲ ಕೇಳುವ ಹಾಗೆ, "ಕರಪತ್ರ ಓದ್ಕಂಡು ಕೆಟ್ಟೋಗವ್ಳೆ. ನಾಳೆ ನಮ್ಮೆಲೆಗೇ ಕೈ ಆಕ್ತಾಳೆ ಕಣ್ಲಾ" ಅಂದ. ಎಲ್ಲರೂ ನಕ್ಕರು. ನೀನೂ ನಕ್ಕೆ. ಹೌದು, ಮಹಿಳಾ ಸಂಘದವರು ಹಂಚಿದ ಆ ಕರಪತ್ರ ಓದಿದ್ದೇನೆ. ಬೇಕಾದ್ದನ್ನು ಕೇಳುವುದು ಹಕ್ಕು ಎಂದು ಅದರಲ್ಲಿ ಬರೆದಿತ್ತು. ಅದು ತಪ್ಪೆಂದು ಮಾವನಾಗಲಿ ಅಪ್ಪನಾಗಲಿ ಇವತ್ತಿನವರೆಗೂ ನನಗೆ ತೋರಿಸಿಕೊಟ್ಟಿಲ್ಲ.

ಮನೆಯಲ್ಲಿ ಕೋಳಿ ಕುಯ್ದ ದಿನ ನಿನ್ನ ಪಾಲಿಗೆ ಉಳಿಯುವುದು ಪಾದ, ಕುತ್ತಿಗೆ. ಕೇಳಿದರೆ, "ನಂಗೆ ಕಾಲೇ ಇಷ್ಟ ಕಣ್ಮಗ" ಅಂತೀಯ.

ಈಗ ಗುತ್ತಲಿನ ಬಾಡಿಗೆ ಕೋಣೆಯಲ್ಲಿ ಕೂತು ಹಾಂಕಾಂಗಿನವರ ಮಾತು ಕ್ಯಾಂಟನೀಸ್ ಕಲಿಯುತ್ತಿದ್ದೇನೆ. ಡಿಮ್ ಸಮ್ ಎಂದರೆ ಬಿದಿರಿನ ಪುಟ್ಟ ಬುಟ್ಟಿಗಳಲ್ಲಿ ಬಿಸಿಬಿಸಿ ಬರುವ ತಿಂಡಿಗಳು. ಹಾ ಗಾವ್ ಸಿಗಡಿ ತುಂಬಿದ ಕಡುಬು. ಲೋ ಮಾಯ್ ಗಾಯ್ ಎಂದರೆ ತಾವರೆ ಎಲೆಯಲ್ಲಿ ಕಟ್ಟಿದ ಕೋಳಿ ಅನ್ನ. ಆಶ್ರಿತಾ ತಾನು ಮುಟ್ಟದ ಮಾಂಸದ ಹೆಸರುಗಳನ್ನೂ ಫೋನಿನಲ್ಲಿ ಬಾಯಿಪಾಠ ಮಾಡಿಸುತ್ತಾಳೆ. ಹೋಟೆಲಿನಲ್ಲಿ ಚಿತ್ರ ತೋರಿಸಿದರೆ ಸಾಕು, ಇಷ್ಟೆಲ್ಲ ಯಾಕೆ ಎಂದು ಅವಳೇ ಗೊಣಗಿದಳು. ಸಾಲದು. ಬಾಯಿಂದಲೇ ಬರಬೇಕು: ಙೋ ಯಿವ್, ನನಗೆ ಬೇಕು. ಶಾಲೆಯಲ್ಲಿ ಬರೀ ಕೂಗಿ ಬಿಟ್ಟಿದ್ದ ಆ ಙ, ಅಲ್ಲಿ 'ನಾನು' ಎನ್ನುವುದಕ್ಕೇ ಬೇಕು.

ಇನ್ನೊಂದಿದೆ, ಫುಂಗ್ ಜಾವ್. ಅದು ಕೋಳಿಪಾದ ಕಣವ್ವ. ಅಲ್ಲಿ ಅದು ಮಿಕ್ಕಿದ್ದಲ್ಲ. ಜನ ಹೆಸರು ಹೇಳಿ ತರಿಸಿಕೊಂಡು ತಿನ್ನುತ್ತಾರೆ.

ನೀನು ಬರುತ್ತೀಯ. ಮೊದಲ ಸುತ್ತು ಎಲ್ಲವನ್ನೂ ನಾನು ತರಿಸುತ್ತೇನೆ, ರುಚಿ ನೋಡು. ಎರಡನೆಯ ಸುತ್ತು ನೀನೇ ಕೇಳಬೇಕು. ನಿನ್ನ ಪರವಾಗಿ ನಾನು ಬಾಯಿ ತೆರೆಯುವುದಿಲ್ಲ, ತೊಡೆಯನ್ನು ಎಷ್ಟು ಬೇಕಾದರೂ ಚಿವುಟು. ಎಲ್ಲ ತಿಂದ ಮೇಲೂ ನೀನು ಫುಂಗ್ ಜಾವ್ ಎಂದೇ ಕೇಳಿದರೆ, ನಿನಗೆ ಕಾಲೇ ಇಷ್ಟ ಎಂದು ಅವತ್ತು ನಂಬುತ್ತೇನೆ.

ಅಲ್ಲಿಯವರೆಗೆ ನಂಬುವುದಿಲ್ಲ.

ನಿನ್ನ ಎಲೆ ಮೊದಲು ತುಂಬಲಿ ಎಂದು ಹಾರೈಸುವ,
ಕೇಳಿಯೇ ತಿನ್ನುವ ನಿನ್ನ ಮಗಳು
ಗಗನ